ಓವರ್‌ಟೇಕ್‌ಗೆ ದಮ್ಮಿರಬೇಕು, ಜೇಬಿಗೆ ಹೊರೆಯಾಗಬಾರದು: 5 ಲಕ್ಷಕ್ಕೆ ಯಾವ ಸೆಕೆಂಡ್ ಹ್ಯಾಂಡ್ ಕಾರು?

ಪ್ರಶ್ನೆ: ನಾನು ಮಧುಗಿರಿಯವನು, ಕೆಲಸ ತುಮಕೂರಿನಲ್ಲಿ. ವಾರಕ್ಕೆ ಐದು ದಿನ ಕೊರಟಗೆರೆ ಮೇಲೆ ಹೋಗಿ ಬರುತ್ತೇನೆ. ತಿಂಗಳಿಗೆ ಹೆಚ್ಚೂಕಡಿಮೆ 1,800 ಕಿ.ಮೀ. ಆಗುತ್ತದೆ. ನನ್ನದು 2011ರ ಸ್ಯಾಂಟ್ರೊ, 1.35 ಲಕ್ಷ ಕಿ.ಮೀ. ಓಡಿದೆ. ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ. ಆದರೆ ಈಗ ನಾಲ್ಕು ಜನ ಕೂತು ಎಸಿ ಹಾಕಿದರೆ ಏರು ಹತ್ತಲು ಒದ್ದಾಡುತ್ತದೆ. ಕಳೆದ ತಿಂಗಳು ಲಾರಿಯೊಂದನ್ನು ಹಿಂದೆ ಹಾಕಲು ಹೋದೆ. ಅರ್ಧ ದಾಟುವಷ್ಟರಲ್ಲಿ ಎದುರಿಗೆ ಬಸ್ಸು ಬಂತು. ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ಗಾಡಿ ಎಳೆಯಲಿಲ್ಲ. ಲಾರಿ ಡ್ರೈವರ್ ಬ್ರೇಕ್ ಹಾಕಿ ಜಾಗ ಬಿಟ್ಟಿದ್ದರಿಂದ ಬದುಕಿಕೊಂಡೆವು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು ಇದ್ದರು. 5 ಲಕ್ಷದೊಳಗೆ ಪಿಕಪ್ ಇರುವ, ಲೀಟರಿಗೆ 15ಕ್ಕಿಂತ ಕಡಿಮೆ ಕೊಡದ ಹಳೆ ಕಾರು ಬೇಕು. ನನ್ನ ಕಣ್ಣಿಗೆ ಬಿದ್ದಿರುವವು: 2015ರ ಪೋಲೊ ಜಿಟಿ ಟಿಎಸ್‌ಐ ಆಟೊಮ್ಯಾಟಿಕ್, 2017ರ ಸ್ವಿಫ್ಟ್ ಡೀಸೆಲ್ (1.1 ಲಕ್ಷ ಕಿ.ಮೀ.), 2018ರ ಸ್ವಿಫ್ಟ್ ಪೆಟ್ರೋಲ್. ಹಿಂದೂಪುರದಲ್ಲಿ ಆಂಧ್ರ ನಂಬರಿನ ಬಲೆನೊ ಒಂದು ಇಲ್ಲಿಗಿಂತ 60 ಸಾವಿರ ಕಡಿಮೆಗೆ ಸಿಗುತ್ತಿದೆ. ಟರ್ಬೊ ಅಂದರೆ ಗ್ಯಾರೇಜಿಗೇ ಮೀಸಲು, ಡೀಸೆಲ್ ಅಂದರೆ 10 ವರ್ಷಕ್ಕೆ ಬ್ಯಾನ್ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆ ಲಾರಿ ಡ್ರೈವರಿಗೆ ಮೊದಲು ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಜೆಟ್ಟಿನ ಮಾತಲ್ಲ, ‘ನಾಲ್ಕನೇ ಗೇರಿನಲ್ಲಿ’ ಎಂಬ ಒಂದು ಪದ. ಅಲ್ಲಿಗೆ ಆಮೇಲೆ ಬರುತ್ತೇನೆ.

ನೀವು ಕೇಳುತ್ತಿರುವುದು ಸ್ಪೀಡಿನ ಗಾಡಿಯನ್ನಲ್ಲ. 140ರಲ್ಲಿ ಓಡುವ ಕಾರು ಕಟ್ಟಿಕೊಂಡು ಮಧುಗಿರಿ ರಸ್ತೆಯಲ್ಲಿ ಆಗಬೇಕಾದ್ದೇನೂ ಇಲ್ಲ. ಹುಲ್ಲು ತುಂಬಿದ ಟ್ರ್ಯಾಕ್ಟರ್, 50ರಲ್ಲಿ ಹೋಗುವ ಲಾರಿ, ಎದುರಿಗೆ ಬರುವ ಬಸ್ಸು, ನಡುವೆ ಸಿಗುವ ಒಂದಿಷ್ಟು ಖಾಲಿ ರಸ್ತೆ. ಅಷ್ಟರೊಳಗೆ 50ರಿಂದ 80ಕ್ಕೆ ಬೇಗ ಏರುವ ಗಾಡಿ ನಿಮಗೆ ಬೇಕು. ಲಾರಿಯ ಹಿಂದಿನಿಂದ ಹೊರಟು ಅದರ ಮುಂದೆ ಸುರಕ್ಷಿತವಾಗಿ ಸೇರಲು ಒಂದು ಕಾರಿಗೆ 10 ಸೆಕೆಂಡ್, ಇನ್ನೊಂದಕ್ಕೆ 8 ಸೆಕೆಂಡ್ ಬೇಕು ಎಂದುಕೊಳ್ಳಿ. ಎರಡೇ ಸೆಕೆಂಡ್ ವ್ಯತ್ಯಾಸ. ಆದರೆ ನೀವು 70ರಲ್ಲಿ, ಎದುರಿನ ಬಸ್ಸು 60ರಲ್ಲಿ ಬರುತ್ತಿದ್ದರೆ ಆ ಎರಡು ಸೆಕೆಂಡಿನಲ್ಲಿ ಇಬ್ಬರ ನಡುವಿನ ಅಂತರ 70 ಮೀಟರಿಗಿಂತ ಹೆಚ್ಚು ಕುಗ್ಗುತ್ತದೆ. ಅವತ್ತು ನಿಮಗೆ ಕಡಿಮೆ ಬಿದ್ದದ್ದು ಹೆಚ್ಚೂಕಡಿಮೆ ಅಷ್ಟೇ ಜಾಗ.

ಹೊಸ ಗಾಡಿಯ ಮಾತಿಗೆ ಮೊದಲು ಸ್ಯಾಂಟ್ರೊವನ್ನೇ ಒಮ್ಮೆ ನೋಡಿಸಿ. ಒಂದೂ ಕಾಲು ಲಕ್ಷ ದಾಟಿದ ಎಂಜಿನ್ ಒಂದಿಷ್ಟು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಳೆದುಕೊಂಡಿರುತ್ತದೆ, ಅದು ಸಹಜ. ಆದರೆ ‘ಗಾಡಿ ಎಳೀತಿಲ್ಲ ಸಾರ್’ ಎಂದು ನನ್ನ ಶೆಡ್ಡಿಗೆ ಬರುವ ಹಳೆ ಕಾರುಗಳಲ್ಲಿ ಎಷ್ಟೋ ಸಲ ತಪ್ಪು ಎಂಜಿನ್ನಿನದ್ದಾಗಿರುವುದಿಲ್ಲ. ಹೋದ ಮಳೆಗಾಲದಲ್ಲಿ ಒಬ್ಬರು ಇದೇ ದೂರು ಹೊತ್ತು ಬಂದರು, ಹೊಸ ಕಾರಿಗೆ ಅಡ್ವಾನ್ಸ್ ಕೊಡಲು ತಯಾರಾಗಿದ್ದರು. ಗಾಡಿ ಬಂದು ನಿಂತ ಕೂಡಲೇ ನಾಲ್ಕೂ ಚಕ್ರದ ಬಳಿ ಕೈ ತಂದೆ. ಹಿಂದಿನ ಎಡಗಡೆಯ ರಿಮ್ ಹೆಂಚಿನ ಹಾಗೆ ಸುಡುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬ್ರೇಕ್ ಶೂ ಬಿಡುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಅವರು ಬ್ರೇಕ್ ಹಿಡಿದುಕೊಂಡೇ ಗಾಡಿ ಓಡಿಸಿದ್ದರು. ಹಾಗೆಯೇ ಜಾರುವ ಕ್ಲಚ್, ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ಪ್ಲಗ್. ಕ್ಲಚ್ ಪರೀಕ್ಷೆ ನೀವೇ ಮಾಡಬಹುದು: ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರಿಂದ ಪೂರ್ತಿ ಒತ್ತಿ. ಎಂಜಿನ್ ಕೂಗು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇದನ್ನೆಲ್ಲ ಸರಿ ಮಾಡಿಸಿದರೂ ನಿಮ್ಮ ಸ್ಯಾಂಟ್ರೊ ಚಿಗರೆಯಾಗುವುದಿಲ್ಲ. ಆದರೆ ಹೊಸದು ಸಿಗುವವರೆಗೆ ನೆಮ್ಮದಿಯಾಗಿ ಓಡಾಡಬಹುದು, ಅವಸರದಲ್ಲಿ ಕೆಟ್ಟ ಮಾಲಿಗೆ ಬೀಳುವುದು ತಪ್ಪುತ್ತದೆ. ಬದಲಿಸುವ ನಿರ್ಧಾರವಂತೂ ಸರಿಯಾಗಿಯೇ ಇದೆ. ನೋಂದಣಿಯ 15 ವರ್ಷದ ಅವಧಿ ಮುಗಿದರೆ ಮರುನೋಂದಣಿ ಶುಲ್ಕವೇ 5,000 ರೂಪಾಯಿ. ಅದರ ಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಹಸಿರು ತೆರಿಗೆ ಬರುತ್ತವೆ.

ಇನ್ನು ‘ದೊಡ್ಡ ಕಂಪನಿ, ದೊಡ್ಡ ಗಾಡಿ ಅಂದರೆ ಪಿಕಪ್ ಜಾಸ್ತಿ’ ಎಂಬ ನಂಬಿಕೆ. ಪಿಕಪ್ ನಿಂತಿರುವುದು ಎಂಜಿನ್ನಿನ ಶಕ್ತಿ ಎಷ್ಟು ತೂಕ ಹೊರಬೇಕು ಎಂಬುದರ ಮೇಲೆ. ನಿಮ್ಮ ಸ್ಯಾಂಟ್ರೊ ಹೊಸದಿದ್ದಾಗ 63 ಪಿಎಸ್ (ಶಕ್ತಿಯ ಅಳತೆ, ಹೆಚ್ಚೂಕಡಿಮೆ ಹಾರ್ಸ್‌ಪವರ್), ತೂಕ 850 ಕಿಲೊ ಆಸುಪಾಸು. ಅಂದರೆ ಟನ್ನಿಗೆ 74 ಪಿಎಸ್. ಪೋಲೊದ ಸಾದಾ 1.2 ಪೆಟ್ರೋಲ್ 75 ಪಿಎಸ್, ಆದರೆ ತೂಕ ಸಾವಿರ ಕಿಲೊ ದಾಟುತ್ತದೆ. ಭಾಗಿಸಿ ನೋಡಿದರೆ ನಿಮ್ಮ ಸ್ಯಾಂಟ್ರೊಗಿಂತ ಒಂದು ಕೂದಲು ಕಡಿಮೆ. ಬಾಗಿಲು ಹಾಕಿದರೆ ‘ಧಡ್’ ಎನ್ನುತ್ತದೆ, ಹೈವೇಯಲ್ಲಿ ಬಂಡೆಯ ಹಾಗೆ ಕೂರುತ್ತದೆ. ಆದರೆ ನಿಮ್ಮ ಸಮಸ್ಯೆಗೆ ಅದು ಉತ್ತರವಲ್ಲ. ಜಿಟಿ ಬೇರೆ, ಸಾದಾ ಪೋಲೊ ಬೇರೆ. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತಾರೆ, ಎಚ್ಚರ. 2018ರ ಸ್ವಿಫ್ಟ್ ಪೆಟ್ರೋಲ್ 83 ಪಿಎಸ್, ತೂಕ ಸುಮಾರು 870 ಕಿಲೊ. ಟನ್ನಿಗೆ 95ರ ಹತ್ತಿರ. ಅದೇ ಎಂಜಿನ್ನಿನ ಬಲೆನೊ ಕೂಡ ಅಲ್ಲೇ ಆಸುಪಾಸು. ಹೋಂಡಾ ಬ್ರಿಯೊ ಎಂಬ ಚಿಕ್ಕ ಗಾಡಿಯೂ ಈ ಲೆಕ್ಕದಲ್ಲಿ ಇವಕ್ಕೆ ಸಮ. 88 ಪಿಎಸ್ ಇದ್ದರೂ ಅದನ್ನು ಕೇಳುವವರು ಕಡಿಮೆ. ಡಿಕ್ಕಿ ತೀರಾ ಸಣ್ಣದು, ನಿಮ್ಮ ಸಂಸಾರಕ್ಕೆ ಸಾಲದು.

ಈಗ ಆ ನಾಲ್ಕನೇ ಗೇರಿನ ವಿಷಯ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ದಮ್ಮು ಬರುವುದು ಮೇಲಿನ ಆರ್‌ಪಿಎಮ್‌ನಲ್ಲಿ, ಅಂದರೆ ಎಂಜಿನ್ ಜೋರಾಗಿ ತಿರುಗುವಾಗ. ಸ್ವಿಫ್ಟ್ 1.2 ತನ್ನ ಪೂರ್ತಿ ಟಾರ್ಕ್ (ತಿರುಗಿಸುವ ಬಲ) 113 ಎನ್‌ಎಂ ಕೊಡುವುದು 4,200 ಆರ್‌ಪಿಎಮ್ ಹತ್ತಿರ. 50ರ ವೇಗದಲ್ಲಿ ನಾಲ್ಕನೇ ಗೇರಿನಲ್ಲಿದ್ದರೆ ಅದು ಅದರ ಅರ್ಧದ ಆಸುಪಾಸಿನಲ್ಲಿ ತೂಕಡಿಸುತ್ತಿರುತ್ತದೆ. ಸ್ಯಾಂಟ್ರೊ ಕಥೆಯೂ ಇದೇ. ಲಾರಿಯ ಹಿಂದೆ ಇರುವಾಗಲೇ ಮೂರಕ್ಕೆ ಇಳಿಸಿ, ರಸ್ತೆ ಕಂಡ ಮೇಲೆ ಹೊರಗೆ ಬರಬೇಕು. ಎಂಜಿನ್ ಕೂಗುತ್ತದೆ, ಕೂಗಲಿ, ಅದಕ್ಕೇನೂ ಆಗುವುದಿಲ್ಲ. ಮೈಲೇಜ್ ಉಳಿಸಲೆಂದು ಮೇಲಿನ ಗೇರಿನಲ್ಲೇ ಓಡಿಸುವ ಅಭ್ಯಾಸ ನಮ್ಮಲ್ಲಿ ಬೇರುಬಿಟ್ಟಿದೆ. ಸಮತಟ್ಟಿನಲ್ಲಿ ಅದು ಒಳ್ಳೆಯದೇ, ಓವರ್‌ಟೇಕಿನಲ್ಲಿ ಪ್ರಾಣಕ್ಕೆ ಬರುತ್ತದೆ. ಇದನ್ನು ಬದಲಿಸಿಕೊಳ್ಳದೆ ನಾನು ಹೇಳುವ ಯಾವ ಪೆಟ್ರೋಲ್ ಕಾರು ಕೊಂಡರೂ ಮೊದಲ ವಾರವೇ ‘ಇದೂ ಎಳೀತಿಲ್ಲ’ ಎನಿಸುತ್ತದೆ. ಡೀಸೆಲ್ಲಿನ ಸುಖ ಇರುವುದು ಇಲ್ಲೇ: 2017ರ ಸ್ವಿಫ್ಟ್ ಡೀಸೆಲ್ 75 ಪಿಎಸ್ ಮಾತ್ರ, ಆದರೆ 2,000 ಆರ್‌ಪಿಎಮ್‌ನಲ್ಲೇ 190 ಎನ್‌ಎಂ. ಗೇರ್ ಬದಲಿಸುವ ಮನಸ್ಸಿಲ್ಲದವರನ್ನೂ ಎಳೆದುಕೊಂಡು ಹೋಗುತ್ತದೆ.

ಹಾಗಾದರೆ ಡೀಸೆಲ್ಲೇ ಕೊಳ್ಳೋಣವೇ? ಮೊದಲು ಬ್ಯಾನ್ ಭಯ ಬಿಡಿ. 10 ವರ್ಷದ ಡೀಸೆಲ್ ಓಡಿಸಬಾರದೆಂಬ ನಿರ್ಬಂಧ ಹುಟ್ಟಿದ್ದು ದಿಲ್ಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕಾಗಿ. ನಮ್ಮಲ್ಲಿ ಡೀಸೆಲ್ಲಿಗೂ ಪೆಟ್ರೋಲಿಗೂ 15 ವರ್ಷದ ನೋಂದಣಿ, ಆಮೇಲೆ ಎಫ್‌ಸಿ ಮಾಡಿಸಿ ಮುಂದುವರಿಸಬಹುದು. ಲೆಕ್ಕ ನೋಡಿ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ 1,800 ಕಿ.ಮೀ.ಗೆ 18 ಕೊಡುವ ಪೆಟ್ರೋಲ್ ಗಾಡಿ ತಿಂಗಳಿಗೆ 10,300 ರೂಪಾಯಿ ಕುಡಿಯುತ್ತದೆ, 21 ಕೊಡುವ ಡೀಸೆಲ್ 7,800. ವರ್ಷಕ್ಕೆ 30 ಸಾವಿರ ಉಳಿತಾಯ. ಇದು ಸಣ್ಣ ಮೊತ್ತವಲ್ಲ, ಸುಳ್ಳು ಹೇಳಲಾರೆ. ಆದರೆ 1.1 ಲಕ್ಷ ಓಡಿದ ಡೀಸೆಲ್ಲಿನಲ್ಲಿ ಇಂಜೆಕ್ಟರ್, ಟರ್ಬೊ, ಕ್ಲಚ್ ಮೂರೂ ಸರದಿಯಲ್ಲಿ ನಿಂತಿರಬಹುದು. ಅದರಲ್ಲಿ ಎರಡು ಒಟ್ಟಿಗೆ ಬಂದರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಮುಗಿಯಿತು. ಆದ್ದರಿಂದ ನನ್ನ ಷರತ್ತು ಇಷ್ಟು: ಮೊದಲಿನಿಂದ ಕೊನೆಯವರೆಗೆ ಸರ್ವಿಸ್ ದಾಖಲೆ ಇರಬೇಕು, ಬೆಳಗಿನ ತಣ್ಣನೆಯ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಪೂರ್ತಿ ಒತ್ತಿದಾಗ ಹಿಂದೆ ಕಪ್ಪು ಮೋಡ ಏಳಬಾರದು, ಟರ್ಬೊ ಪೈಪಿನಲ್ಲಿ ಎಣ್ಣೆ ಜಿನುಗಿರಬಾರದು. ನಾಲ್ಕೂ ಸರಿ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಮೂರು ಸರಿ, ಒಂದು ಅನುಮಾನ ಎಂದಾದರೆ ಬಿಡಿ.

ಟರ್ಬೊ ಪೆಟ್ರೋಲಿನ ಪೋಲೊ ಜಿಟಿ ಟಿಎಸ್‌ಐ ನಿಮ್ಮ ಪಟ್ಟಿಯಲ್ಲಿ ಓಡಿಸಲು ಅತಿ ಸೊಗಸಾದ ಗಾಡಿ. 105 ಪಿಎಸ್, 175 ಎನ್‌ಎಂ, ಕಾಲಿಟ್ಟರೆ ಹೋಗುತ್ತದೆ. ಸುರಕ್ಷತೆಯಲ್ಲೂ ಗಟ್ಟಿ: ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯ 2014ರ ಡಿಕ್ಕಿ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಪೋಲೊಗೆ ನಾಲ್ಕು ಸ್ಟಾರ್ ಬಂದಿತ್ತು. 2018ರಲ್ಲಿ ಸ್ವಿಫ್ಟ್‌ಗೆ ಬಂದದ್ದು ಎರಡೇ. ಇದನ್ನು ನಾನು ಮುಚ್ಚಿಡುವುದಿಲ್ಲ, ನಿಮ್ಮ ಮನೆಯವರು ಹಿಂದೆ ಕೂರುವಾಗ ನೀವೇ ತೂಗಬೇಕಾದ ಮಾತು ಇದು. ಆದರೆ ಆ 2015ರ ಗಾಡಿಯಲ್ಲಿರುವುದು ಏಳು ಗೇರಿನ ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್ಚಿನದು. ಅದರ ಕ್ಲಚ್ ಅಥವಾ ಗೇರ್ ಬದಲಿಸುವುದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಹೋದರೆ ಖರ್ಚು ಲಕ್ಷ ದಾಟಬಹುದು. ಬಿಸಿಲಲ್ಲಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ತೆವಳಿದ ಗಾಡಿಯಾದರೆ ಆ ದಿನ ಹತ್ತಿರದಲ್ಲೇ ಇರುತ್ತದೆ. ಮೈಲೇಜ್ ನಿಮ್ಮ ರಸ್ತೆಯಲ್ಲಿ 14ರ ಸುತ್ತ ಎಂದುಕೊಂಡರೆ ಪೆಟ್ರೋಲಿಗೇ ತಿಂಗಳಿಗೆ 13,200. ಇದ್ದ 5 ಲಕ್ಷವನ್ನೂ ಗಾಡಿಗೇ ಹಾಕಿ ರಿಪೇರಿಗೆ ಕೈಯಲ್ಲಿ ಕಾಸಿಲ್ಲದವರು ಇದನ್ನು ಮುಟ್ಟಬಾರದು.

ಹಾಗೆಂದು ‘ಟರ್ಬೊ ಅಂದರೆ ಗ್ಯಾರೇಜಿಗೇ ಮೀಸಲು’ ಎನ್ನುವುದು ನಿಜವಲ್ಲ. ಟರ್ಬೊ ಸಾಯುವುದು ಎಣ್ಣೆಯಿಂದ. ಸರಿಯಾದ ಗ್ರೇಡಿನ ಎಣ್ಣೆ, ಹೊತ್ತಿಗೆ ಸರಿಯಾಗಿ ಬದಲಾವಣೆ, ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆರಿಸದೆ ಅರ್ಧ ನಿಮಿಷ ಬಿಡುವುದು. ಇಷ್ಟು ಮಾಡಿದವರ ಟರ್ಬೊ ಲಕ್ಷಾಂತರ ಕಿ.ಮೀ. ಬಾಳುತ್ತದೆ. ತೊಂದರೆ ಎಂದರೆ ಹಿಂದಿನ ಮಾಲೀಕರು ಅಷ್ಟು ಮಾಡಿದ್ದರೇ ಎಂಬುದು ನಿಮಗೆ ತಿಳಿಯುವುದಿಲ್ಲ. ಟರ್ಬೊದಲ್ಲೇ ಇನ್ನೊಂದಿದೆ: ಫೋರ್ಡ್ ಫಿಗೊ 1.5 ಡೀಸೆಲ್, 100 ಪಿಎಸ್, 215 ಎನ್‌ಎಂ. ಕೊಟ್ಟ ದುಡ್ಡಿಗೆ ಅಷ್ಟು ಎಳೆತ ಬೇರೆ ಹ್ಯಾಚ್‌ಬ್ಯಾಕ್‌ನಲ್ಲಿ ಸಿಗುವುದು ಕಷ್ಟ. ಕಂಪನಿ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಬೆಲೆ ಇಳಿದಿದೆ. ಆ ಎಂಜಿನ್ ಬಲ್ಲ ಮೆಕ್ಯಾನಿಕ್ ನಿಮಗೆ ಪರಿಚಯವಿದ್ದರೆ ಮಾತ್ರ ಆ ಕಡೆ ನೋಡಿ. ಎಎಂಟಿ (ಮ್ಯಾನುಯಲ್ ಗೇರನ್ನು ಯಂತ್ರವೇ ಬದಲಿಸುವ) ಗೇರ್‌ಬಾಕ್ಸ್ ಬೇಡ: ಪೂರ್ತಿ ಒತ್ತಿದಾಗ ಗೇರ್ ಇಳಿಸಲು ಅದು ಒಂದು ಕ್ಷಣ ಯೋಚಿಸುತ್ತದೆ, ಎದುರಿನ ಬಸ್ಸು ಯೋಚಿಸುವುದಿಲ್ಲ. ಸಿಎನ್‌ಜಿ ಖರ್ಚಿಗೆ ಚೆನ್ನ, ಪಿಕಪ್ಪಿಗಲ್ಲ.

ಹಿಂದೂಪುರದ ಬಲೆನೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಧುಗಿರಿಗೆ ಹತ್ತಿರ ಎಂಬುದೊಂದೇ ಅದರ ಲಾಭ. ಆಂಧ್ರದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಹೊಸ ನಂಬರ್ ಪಡೆಯಬೇಕು, ಕರ್ನಾಟಕದ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಆ ತೆರಿಗೆ ಹೊಸ ಗಾಡಿಗೆ ಬೆಲೆಯ ಶೇ. 13ರಿಂದ ಶುರುವಾಗುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ, ನಿಜ. ಆದರೂ ಓಡಾಟ, ಏಜೆಂಟ್ ಎಲ್ಲ ಸೇರಿದರೆ 60 ಸಾವಿರ ಅಲ್ಲಿಗೆ ಕರಗುತ್ತದೆ. ತುಮಕೂರಿನ ಕೆಎ-06 ಅಥವಾ ನಿಮ್ಮದೇ ಮಧುಗಿರಿಯ ಕೆಎ-64 ಗಾಡಿ ಹುಡುಕಿ. ಹತ್ತಿರದ ಗಾಡಿಯಾದರೆ ಅದನ್ನು ಓಡಿಸಿದವರು ಯಾರು, ಹೇಗೆ ಎಂದು ವಿಚಾರಿಸುವುದೂ ಸುಲಭ.

ನನ್ನ ಆಯ್ಕೆ 2018ರ ಸ್ವಿಫ್ಟ್ ಪೆಟ್ರೋಲ್ ಮ್ಯಾನುಯಲ್. ಆ ಫೆಬ್ರುವರಿಯಲ್ಲಿ ಬಂದ ಹೊಸ ಮಾದರಿಯೇ ಆಗಿರಲಿ. ಅದರಲ್ಲಿ ಎಲ್ಲ ವೇರಿಯಂಟಿಗೂ ಎರಡು ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇವೆ. ಹಿಂದಿನ ಮಾದರಿಯ ಕೆಳಗಿನ ವೇರಿಯಂಟುಗಳಲ್ಲಿ ಇರಲಿಲ್ಲ. ಅಮ್ಮನಿಗೆ ಹಿಂದೆ ಕಾಲು ಚಾಚಲು ಜಾಗ ಬೇಕೆಂದರೆ ಇಲ್ಲಿಯದೇ ನೋಂದಣಿಯ ಬಲೆನೊ ಪೆಟ್ರೋಲ್. ಅದಕ್ಕೆ ಶುರುವಿನಿಂದಲೇ ಆ ಎರಡೂ ಇವೆ. ಎರಡೂ ನಿಮ್ಮ ರಸ್ತೆಯಲ್ಲಿ 16ರಿಂದ 19 ಕೊಡುತ್ತವೆ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಿಂದ ಮೈಲೇಜ್ ಒಂದಿಷ್ಟು ಇಳಿಯುವುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಗಾಡಿಗೆ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಹಾಕಬೇಡಿ. ಉಳಿದ 50 ಸಾವಿರ ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಎಣ್ಣೆ, ಟ್ರಾನ್ಸ್‌ಫರ್, ವಿಮೆಗೆ ಬೇಕೇ ಬೇಕು.

ಮಾಡೆಲ್ ಆಯ್ಕೆ ಇಷ್ಟೇ. ನಿಜವಾದ ಕೆಲಸ ಇರುವುದು ಅದೇ ಮಾಡೆಲ್‌ನ ಹತ್ತು ಗಾಡಿಗಳಲ್ಲಿ ಒಳ್ಳೆಯದನ್ನು ಹುಡುಕುವುದರಲ್ಲಿ.

ಈಚೆಗೆ ಒಬ್ಬ ಹುಡುಗನ ಜತೆ ಸ್ವಿಫ್ಟ್ ನೋಡಲು ಹೋಗಿದ್ದೆ. ಮೀಟರಿನಲ್ಲಿ 48 ಸಾವಿರ, ಪಾಲಿಶ್ ಮಾಡಿ ಕನ್ನಡಿಯ ಹಾಗೆ ನಿಲ್ಲಿಸಿದ್ದರು. ಕ್ಲಚ್ ಪೆಡಲಿನ ರಬ್ಬರ್ ನೋಡಿದೆ, ಬಲಗಡೆಯ ಅಂಚು ಸವೆದು ಕಬ್ಬಿಣ ಇಣುಕುತ್ತಿತ್ತು. ಸ್ಟೀರಿಂಗಿನ ಮೇಲ್ಭಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. 48 ಸಾವಿರಕ್ಕೆ ಹೀಗಾಗುವುದಿಲ್ಲ. ಗಾಡಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ದಾಖಲೆ ತೆಗೆಸಿದೆವು. ಎರಡು ವರ್ಷದ ಹಿಂದೆಯೇ 1.02 ಲಕ್ಷ ಎಂದು ಬರೆದಿತ್ತು. ಮೀಟರ್ ತಿರುಗಿಸುವುದು ಹತ್ತು ನಿಮಿಷದ ಕೆಲಸ. ಸವೆದ ರಬ್ಬರನ್ನು ತಿರುಗಿಸಲು ಆಗುವುದಿಲ್ಲ. ಹೊಸ ರಬ್ಬರ್ ಹಾಕಿದ್ದರೆ ಅದೂ ಅನುಮಾನಕ್ಕೆ ಕಾರಣವೇ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯ ಸೀಟು, ಕಾರ್ಪೆಟ್ ತೊಳೆಯುತ್ತಾರೆ, ಒಳಗೆ ಸುತ್ತಿಕೊಂಡಿರುವ ಬೆಲ್ಟಿನ ತುದಿಯಲ್ಲಿ ಕೆಸರಿನ ಗೆರೆ ಉಳಿದುಬಿಡುತ್ತದೆ. ಬಾನೆಟ್ ತೆಗೆದು ಫೆಂಡರ್ ಬೋಲ್ಟುಗಳ ತಲೆ ನೋಡಿ. ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ, ಅಂದರೆ ಅಪಘಾತವೋ ಎಂದು ಕೇಳಬೇಕು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ಸ್ಪಾಟ್ ವೆಲ್ಡಿಂಗ್ ಗುಳಿಗಳು ಸಾಲಾಗಿ ಇವೆಯೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ. ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಅಷ್ಟು ಹಳೆಯ ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ. ವೇಗದ ಗಾಡಿ ನಿಲ್ಲಬೇಕಾದ್ದು ಅದರ ಮೇಲೆಯೇ.

ಆಮೇಲೆ ದೇವರಾಯನದುರ್ಗದ ಘಾಟಿಗೆ ಕರೆದುಕೊಂಡು ಹೋಗಿ. ತುಮಕೂರಿನವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೊಠಡಿ ಇಲ್ಲ. ಎಸಿ ಹಾಕಿ, ನಾಲ್ಕು ಜನ ಕೂತು, ಎರಡು ಮತ್ತು ಮೂರನೇ ಗೇರಿನಲ್ಲಿ ಹತ್ತಿಸಿ. ಎಂಜಿನ್ ಬಿಸಿಯ ಸೂಚನೆ ಬರುತ್ತದೆಯೇ, ಕ್ಲಚ್ ವಾಸನೆ ಬರುತ್ತದೆಯೇ ನೋಡಿ. ಇಳಿಯುವಾಗ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗಬಾರದು, ಗಾಡಿ ಒಂದು ಕಡೆಗೆ ಎಳೆಯಬಾರದು. ಮಾರುವವರು ‘ಇಲ್ಲೇ ಒಂದು ರೌಂಡ್ ಸಾಕು’ ಎಂದರೆ ಕೈಮುಗಿದು ಬನ್ನಿ.

ಕಾಗದದ ವಿಷಯದಲ್ಲಿ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಸಾಲ ಬಾಕಿ, ಬಾಕಿ ದಂಡ ನೋಡಿಕೊಳ್ಳಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗಿ ಮಾಲೀಕತ್ವ ವರ್ಗವಾದ ಮೇಲೆ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ನಿಮ್ಮ ಸ್ಯಾಂಟ್ರೊದ ಬೋನಸ್ ಮಾತ್ರ ನಿಮ್ಮದೇ, ಅದನ್ನು ಈ ಗಾಡಿಗೆ ತರಬಹುದು. ಮಾರುವ ದಿನ ವಿಮಾ ಕಂಪನಿಯಿಂದ ಅದರ ಪತ್ರ ಕೇಳಿ ಪಡೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ಸ್ಯಾಂಟ್ರೊ ಮಾರುವಾಗಲೂ ಬರೀ ಸಹಿ ಹಾಕಿದ ಫಾರಂ ಕೊಟ್ಟು ಕಳಿಸಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹೆಸರು ಬದಲಾದ ಆರ್‌ಸಿಯ ಪ್ರತಿ ನಿಮ್ಮ ಕೈಗೆ ಬರುವವರೆಗೆ ಕೊಂಡವರ ಬೆನ್ನು ಬಿಡಬೇಡಿ.

ಈ ವಾರ ಆ 2018ರ ಸ್ವಿಫ್ಟ್ ನೋಡಲು ಹೋಗುವುದಾದರೆ ಬೆಳಗ್ಗೆ 7 ಗಂಟೆಗೆ ಹೋಗಿ, ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ರಾತ್ರಿಯೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾತು ಮುಂದುವರಿಸುವ ಮೊದಲು ಯಾಕೆ ಎಂದು ಕೇಳಿ.